ಮೆಮೊರಿ ಪಟ್ಟಿಗೊಂದು ಜೋಡಿ

ಸುವರ್ಣಾಳ ಮುಖ ಮೂಗಿನವರೆಗೆ ಬಂದು ನಿಂತುಬಿಟ್ಟಿತ್ತು. ಬಾಸಿಂಗ ಬಂದಿತ್ತು, ಹಣೆ ಬಂದಿತ್ತು, ಕಾಡಿಗೆ ತೀಡಿದ ಎರಡೂ ಕಣ್ಣು ಬಂದಿದ್ದವು. ತುಟಿ, ಗಲ್ಲ ಇರಬೇಕಾದ ಜಾಗದಲ್ಲಿ ಬರೀ ಬೂದು ಬಣ್ಣ. ಪರದೆಯ ನಡುವೆ ಸಣ್ಣ ಉಂಗುರವೊಂದು ತನಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂಬಂತೆ ಸುತ್ತುತ್ತಿತ್ತು.

"ಮದಿಮಗಳು ನಾಚ್ಕೊಂಡಾಳ ಬಿಡು," ಎಂದ ದುಂಡಪ್ಪ, ಸೊಸೆಯ ಕುರ್ಚಿಯ ಹಿಂದೆ ನಿಂತು.

"ಮುಂಜಾನಿಂದ ನಾಚ್ಕೊಳ್ಳಾಕತ್ತಾಳ್ರಿ ಮಾವಾರ," ಎಂದಳು ದಾಕ್ಷಾಯಿಣಿ. "ಇನ್ನ ಅಕ್ಕಿಕಾಳ ಹಾಕೂ ಫೋಟೋಕ್ಕ ಕೈನ ಹಚ್ಚಿಲ್ಲ. ಹಿಂಗಾದ್ರ ಆಲ್ಬಮ್ ಮುಗಿಯೂದರಾಗ ಸುವರ್ಣಾಗ ಕೂಸ ಹುಟ್ಟಿರತೈತಿ."

ದುಂಡಪ್ಪ ನಕ್ಕ. ಆದರೆ ಆ ನಗು ಮೀಸೆಯ ಆಚೆ ಹೋಗಲಿಲ್ಲ.

ಅವನ ಫೋಟೋ ಸ್ಟುಡಿಯೊ ಹುಕ್ಕೇರಿ ಬಜಾರದ ಒಳಓಣಿಯಲ್ಲಿದೆ. ಮುಂದೆ ಸ್ಟುಡಿಯೊ, ಹಿಂದೆ ಮನೆ. ಒಂದು ಕಾಲದಲ್ಲಿ ಸುತ್ತಿನ ಹಳ್ಳಿಗಳಲ್ಲಿ ಯಾವ ಹುಡುಗಿಗೆ ಗಂಡು ನೋಡಬೇಕಾದರೂ ಮೊದಲು ಅವಳನ್ನು ಇಲ್ಲಿ ತಂದು ಕೂರಿಸಬೇಕಿತ್ತು. "ಗಲ್ಲ ಸ್ವಲ್ಪ ಮ್ಯಾಲ ಮಾಡ ತಂಗಿ" ಎಂದು ದುಂಡಪ್ಪ ಹೇಳಿದ ಮೇಲೆಯೇ ಅವಳ ಹಣೆಬರಹ ಮುಂದಕ್ಕೆ ಸಾಗುತ್ತಿತ್ತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಹುಡುಗಿಯರು ತಮ್ಮ ಗಲ್ಲ ತಾವೇ ಮೇಲೆ ಮಾಡಿಕೊಳ್ಳತೊಡಗಿದರು. ಈಗೀಗ ದುಂಡಪ್ಪ ಶೆಟರನ್ನು ಸೊಂಟದ ಮಟ್ಟಕ್ಕಷ್ಟೇ ಎತ್ತುತ್ತಾನೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಬಗ್ಗಿ ಒಳಗೆ ಬರಬೇಕು. ಪೂರ್ತಿ ಎತ್ತಿ ಕೂತರೆ ಯಾರೂ ಬಾರದೆ ಇರುವುದು ಓಣಿಗೆಲ್ಲ ಕಾಣುತ್ತದೆ ಎಂಬುದು ಅವನ ಸಂಕಟ.

ಮಗ ಶಿವಕುಮಾರನಿಗೆ ಹಿಡಕಲ್ ಡ್ಯಾಮಿನಲ್ಲಿ ನೌಕರಿ. ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ಕೆಟ್ಟವನಲ್ಲ, ಅರ್ಧ ಶೆಟರಿನ ಕೆಳಗೆ ಅಪ್ಪ ಒಬ್ಬನೇ ಕೂತಿರುವುದನ್ನು ನೋಡಲಾರದೆ, ಮೊಬೈಲ್ ಮಾರುವ ಯಲ್ಲಾರಿಗೆ ಅಂಗಡಿ ಬಾಡಿಗೆಗೆ ಕೊಟ್ಟುಬಿಡೋಣ ಎಂದ. "ಆತು," ಎಂದ ದುಂಡಪ್ಪ. ಹಾಗೆಂದವನು ಆ ಹೊತ್ತು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದದ್ದನ್ನು ಅವನ ಹೆಂಡತಿ ಗೌರವ್ವ ನೋಡಿದಳು, ಸೊಸೆಯೂ ನೋಡಿದಳು.

ದಾಕ್ಷಾಯಿಣಿ ಮೂಡಲಗಿಯ ಹುಡುಗಿ. ಮದುವೆಗೆ ಮೊದಲು ಅಲ್ಲಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಆಲ್ಬಮ್ ಮಾಡುವುದನ್ನು ಕಲಿತಿದ್ದಳು. ಮದುವೆಯಾದ ಮೇಲೆ ಆ ವಿದ್ಯೆ ಟ್ರಂಕಿನ ತಳದ ಸೀರೆಯಂತೆ ಮಡಿಚಿದಲ್ಲೇ ಇತ್ತು. ದಡ್ಡಿ ಊರಿನ ಕರೆಪ್ಪ ಬಂದು, "ನನ್ನ ಲಗ್ನದ ಫೋಟೋ ದುಂಡಪ್ಪಣ್ಣ ತಗದಾನ, ನನ್ನ ಮಗಳದ್ದೂ ಅವನ ತಗೀಬೇಕು" ಎಂದು ಹಟ ಹಿಡಿದು ಹೋದ ದಿನ ಅವಳಿಗೆ ಧೈರ್ಯ ಬಂತು. ಆಲ್ಬಮ್ಮಿನ ಪುಟಗಳನ್ನು ಹೊರಗೆ ಕೊಡುವುದು ಬೇಡ, ಸ್ಟುಡಿಯೊದ ಹಳೆಯ ಕಂಪ್ಯೂಟರಿನಲ್ಲಿ ತಾನೇ ಜೋಡಿಸುತ್ತೇನೆ ಎಂದಳು. ಅಮಾವಾಸ್ಯೆ ಕಳೆದ ಮೇಲೆ ಕರೆಪ್ಪನ ಮಗಳು ಸುವರ್ಣಾ ಬುತ್ತಿ ಕಟ್ಟಿಸಿಕೊಂಡು ಗಂಡನ ಮನೆಗೆ ಹೋಗುವವಳು. ಆ ಬುತ್ತಿಯ ಜೊತೆಗೆ ಆಲ್ಬಮ್ಮೂ ಹೋಗಬೇಕು.

"ಇದೊಂದ ಆಲ್ಬಮ್ ಸುಸೂತ್ರ ಆಗಲಿ, ಯಲ್ಲಾರಿಗಿ ನಾನ ಬ್ಯಾಡ ಅಂತೇನಿ," ಎಂದಿದ್ದ ಶಿವಕುಮಾರ ಹೆಂಡತಿಗೆ. "ಆಗಲಿಲ್ಲಂದ್ರ ಮತ್ತ ಮಾತ ತಗೀಬಾರದು."

ಆ ಮಾತಿನ ಮೇಲೆ ಅವಳು ಕುರ್ಚಿಯಲ್ಲಿ ಕೂತಿದ್ದಳು. ಮಾವನ ಅಂಗಡಿ ಉಳಿಯಬೇಕು ಎಂಬುದು ಒಂದು. ಆ ಕುರ್ಚಿ ತನಗೆ ಬೇಕು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ. ಮತ್ತೆ ಈ ಕಂಪ್ಯೂಟರ್ ನೋಡಿದರೆ, ಸುವರ್ಣಾಳ ತುಟಿಯನ್ನೂ ತೋರಿಸಲಾರದೆ ಏದುಸಿರು ಬಿಡುತ್ತಿತ್ತು.

ಅವಳು ಗೋಕಾಕದ ಶುಭಮ್‌ಗೆ ಫೋನು ಹಚ್ಚಿದಳು. ಮೂಡಲಗಿಯಲ್ಲಿ ಜೊತೆಗೆ ಕಲಿತವನು. ಈಗ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ.

"ಮಷೀನ್ ಗಟ್ಟಿ ಐತ್ರಿ ಅಕ್ಕಾರ, ರ‍್ಯಾಮ್ ಅಂದ್ರ ಮೆಮೊರಿ ಸಾಲಾಕತ್ತಿಲ್ಲ," ಎಂದ ಶುಭಮ್. "ಬಾಜೂಕ ಇನ್ನೊಂದ ಪಟ್ಟಿ ಹಾಕಾಕ ಜಾಗಾ ಇರತೈತಿ, ನೋಡ್ರಿ. ಆದ್ರ ಫೋನಿನ್ಯಾಗ ಹೇಳಿ ತರಸೂದಲ್ಲ ಅದು. ಇದ್ದ ಪಟ್ಟಿ ತಗದ ತಗೊಂಡ ಬರ್ರಿ. ಬ್ಲೌಸ್ ಪೀಸ್ ಮ್ಯಾಚಿಂಗ್ ನೋಡಾಕ ಸೀರಿ ಒಯ್ಯೂದಿಲ್ಲೇನು, ಹಂಗ."

ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗ ಒಳಗೆ ವರ್ಷಗಳ ಧೂಳು. ದಾಕ್ಷಾಯಿಣಿ ಎರಡೂ ಕಡೆಯ ಕೊಂಡಿ ಒತ್ತಿ ಚೋಟುದ್ದದ ಹಸಿರು ಪಟ್ಟಿಯನ್ನು ಮೇಲೆತ್ತಿದಳು. ಪಕ್ಕದ ಸ್ಲಾಟು ಖಾಲಿ ಇತ್ತು.

"ಇಷ್ಟ ಇದ್ದದ್ದಕ್ಕ ಅಷ್ಟೆಲ್ಲಾ ರಂಪ?" ಎಂದ ದುಂಡಪ್ಪ. ಪಟ್ಟಿಯನ್ನು ಲೆನ್ಸು ಒರೆಸುವ ಬಟ್ಟೆಯಲ್ಲಿ ಸುತ್ತಿ, ತನ್ನ ಚಾಳೀಸಿನ ಡಬ್ಬಿಯಲ್ಲಿ ಮಲಗಿಸಿದ. ಚಾಳೀಸು ಜೇಬಿಗೆ ಹೋಯಿತು. ರವಿವಾರ ಮಾವ ಸೊಸೆ ಗೋಕಾಕದ ಬಸ್ಸು ಹತ್ತಿದರು.

ಶುಭಮ್‌ನ ಅಂಗಡಿ ಮಹಡಿಯ ಮೇಲೆ. ಹೊಟ್ಟೆ ಬಗೆದ ಕಂಪ್ಯೂಟರುಗಳ ನಡುವೆ ಜಾಗ ಮಾಡಿ ಅವನು ದುಂಡಪ್ಪನಿಗೆ ಸ್ಟೂಲು ಕೊಟ್ಟ. ಡ್ರಾವರು ಎಳೆದು ಪಟ್ಟಿಗಳನ್ನು ಒಂದೊಂದಾಗಿ ಗಾಜಿನ ಮೇಲಿಟ್ಟ. ದುಂಡಪ್ಪ ಚಾಳೀಸು ಏರಿಸಿ ಕನ್ಯೆ ನೋಡಲು ಬಂದ ಹಿರಿಯನ ಗತ್ತಿನಲ್ಲಿ ಮುಂದಕ್ಕೆ ಬಾಗಿದ.

"ಇದು ಗಿಡ್ಡ ಆತು," ಎಂದ ಮೊದಲನೆಯದಕ್ಕೆ.

"ಅದು ಲ್ಯಾಪ್‌ಟಾಪಿಂದ್ರಿ ಕಾಕಾ. ಇದನ್ನ ನೋಡ್ರಿ, ಈಗಿನ ಹೊಸಾದು. ಎಂಟ ಜಿಬಿ."

"ಎಂಟ! ತಗೋ ಯವ್ವಾ, ದೊಡ್ಡದ ತಗೋ. ಮತ್ತ ಮತ್ತ ಯಾರ ಬರೂರು?"

ದಾಕ್ಷಾಯಿಣಿ ಹಳೆಯ ಪಟ್ಟಿಯನ್ನು ಅದರ ಪಕ್ಕದಲ್ಲಿ ಇಟ್ಟಳು. ಉದ್ದ ಒಂದೇ. ಆದರೆ ಕೆಳಗಿನ ಚಿನ್ನದ ಬಣ್ಣದ ಹಲ್ಲುಸಾಲಿನ ನಡುವೆ ಕೊರೆದ ಕಚ್ಚು ಒಂದರಲ್ಲಿ ಇತ್ತ ಇತ್ತು, ಇನ್ನೊಂದರಲ್ಲಿ ತುಸು ಅತ್ತ.

"ಜ್ವಾಳದ ಕಾಳಷ್ಟ ಫರಕ ಐತಿ," ಎಂದ ದುಂಡಪ್ಪ ಸೋತ ದನಿಯಲ್ಲಿ. "ಅಷ್ಟಕ್ಕ ಕೂಡೂದಿಲ್ಲೇನು?"

"ಸ್ಲಾಟಿನ್ಯಾಗ ಇಳಿಯೂದ ಇಲ್ರಿ," ಎಂದಳು ದಾಕ್ಷಾಯಿಣಿ. "ನಮ್ಮದು ಡಿಡಿಆರ್ ಮೂರು, ಇದು ನಾಕು. ಒಂದ ಮನಿತನದ್ದಾದ್ರೂ ಪೀಳಿಗಿ ಬ್ಯಾರೆ."

ಶುಭಮ್ ಇನ್ನೊಂದು ತೆಗೆದ. ಹೊಳೆಯುವ ಹೊಸ ಪಟ್ಟಿ. ಕಚ್ಚೂ ಸರಿಯಾದ ಜಾಗದಲ್ಲಿತ್ತು. "ಇದ ನೋಡ್ರಿ ಅಕ್ಕಾರ, ಕಣ್ ಮುಚ್ಚಿ ಒಯ್ರಿ. ಸ್ವಸ್ತಾನೂ ಐತಿ."

ದುಂಡಪ್ಪ ಡಬ್ಬಿ ತೆರೆದು ಸಿದ್ಧನಾದ. ದಾಕ್ಷಾಯಿಣಿ ಮಾತ್ರ ಅದನ್ನು ತಿರುಗಿಸಿ ತಿರುಗಿಸಿ, ಹಿಂದೆ ಅಂಟಿಸಿದ ಚೀಟಿಯ ಸಣ್ಣ ಅಕ್ಷರ ಓದಿದಳು. "ಶುಭಮ್, ಇದು ಎಎಂಡಿ ಕಂಪನಿ ಬೋರ್ಡಿಗಿ ಅಷ್ಟ ನಡಿಯೂದಲ್ಲಾ? ನಮ್ಮದು ಇಂಟೆಲ್ ಐತಿ."

ಶುಭಮ್ ನಾಲಿಗೆ ಕಚ್ಚಿಕೊಂಡ. "ಹೌದ್ ನೋಡ್ರಿ. ಎರಡೂ ಒಂದ ಡ್ರಾವರಿನ್ಯಾಗ ಕೂಡಿ ಬಿಟ್ಟಾವು. ಒಯ್ದಿದ್ರ ನಾಳಿಗಿ ನನಗ ಬೈತಿದ್ರಿ."

ಕೊನೆಗೆ ಸಿಕ್ಕಿದ್ದು ಬಿಚ್ಚಿಟ್ಟ ಹಳೆಯ ಕಂಪ್ಯೂಟರೊಂದರ ಪಟ್ಟಿ. ನಾಲ್ಕು ಜಿಬಿ. ವೇಗದ ಅಂಕಿ ಅದೇ, ವೋಲ್ಟೇಜ್ ಅದೇ, ಕಚ್ಚು ಅದೇ. ಯಾರೋ ಜೋಪಾನವಾಗಿ ಇಟ್ಟುಕೊಂಡಿದ್ದಿರಬೇಕು. ಹಲ್ಲುಗಳು ಇನ್ನೂ ಥಳಥಳ ಎನ್ನುತ್ತಿದ್ದವು. ದಾಕ್ಷಾಯಿಣಿ ಪಟ್ಟು ಹಿಡಿದು ಎರಡನ್ನೂ ಅಲ್ಲೇ ಒಂದು ಬೋರ್ಡಿಗೆ ಹಾಕಿಸಿ ನೋಡಿದಳು. ಪರದೆ ಹತ್ತಿತು, ಎರಡನ್ನೂ ಕೂಡಿಸಿ ಆರು ಜಿಬಿ ತೋರಿಸಿತು.

"ಸಾಲಾವಳಿ ಕೂಡ್ತು ಅನ್ನು!" ಎಂದು ದುಂಡಪ್ಪ ಸ್ಟೂಲಿನಿಂದ ಎದ್ದೇಬಿಟ್ಟ. ಜಾತಕ ತಂದವರಿಗೆ ಕೊಡುವಂತೆ ಶುಭಮ್‌ಗೆ ಕರದಂಟು ಕೊಡಿಸಿದ. ಗೌರವ್ವನಿಗೂ ಒಂದು ಪೊಟ್ಟಣ ಕಟ್ಟಿಸಿದ.

ಬಸ್ಸಿನಲ್ಲಿ ಅವನು ಡಬ್ಬಿಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದ. "ಈಗ ಬಂದದ್ದರ ಮುಂದ ನಮ್ಮದು ಮಾಸಿದಂಗ ಕಾಣತೈತೆಲ್ಲ, ಯವ್ವಾ?"

"ಮಾಸಿದ್ರೂ ನಡಿತೈತ್ರಿ ಮಾವಾರ. ನೋಡಿದ್ರಿಲ್ಲ?"

"ನಡಿಯೂದ ಖರೆ," ಎಂದು ಅವನು ಡಬ್ಬಿ ಮುಚ್ಚಿದ. ಮನಸ್ಸು ಮುಚ್ಚಲಿಲ್ಲ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಮನೆಗೆ ಯಾವುದೇ ಹೊಸ ಸಾಮಾನು ಬಂದರೂ, ಸೀರೆಯಾಗಲಿ ಚಮಚೆಯಾಗಲಿ, ಒಂದು ರಾತ್ರಿ ದೇವರ ಜಗಲಿಯ ಮೇಲೆ ಇದ್ದು ಬರಬೇಕು ಎಂಬುದು ಗೌರವ್ವನ ಕಾಯಿದೆ. "ಜೋಡಿ ಕೂಡೇ ಇರಲಿ," ಎಂದು ಅವಳು ಎರಡೂ ಪಟ್ಟಿಗಳನ್ನು ಜಗಲಿಯ ಮೇಲಿಟ್ಟು ಒಂದೊಂದು ಹೂವು ಏರಿಸಿದಳು. ದಾಕ್ಷಾಯಿಣಿಗೆ ಆಗಲೇ ಹಾಕಿ ನೋಡುವ ಆತುರ. ಆದರೆ ಅತ್ತೆಯ ಕಾಯಿದೆಗೆ ಅಪೀಲಿಲ್ಲ.

ಮರುದಿನ ಸೋಮವಾರ. ಸೋಮವಾರ ಮುಂಜಾನೆ ದುಂಡಪ್ಪ ಪೂಜೆಗೆ ಕೂತರೆ ಮೊದಲು ಇಷ್ಟಲಿಂಗ ಇಡುವ ತನ್ನ ಬೆಳ್ಳಿಯ ಕರಡಿಗೆಯನ್ನು ವಿಭೂತಿ ಹಚ್ಚಿ ತಿಕ್ಕುತ್ತಾನೆ. ಅಪ್ಪನಿಂದ ಬಂದ ಕರಡಿಗೆ ಅದು. ಅಪ್ಪನೂ ಹಾಗೇ ತಿಕ್ಕುತ್ತಿದ್ದ. ವಿಭೂತಿಗೆ ಬೆಳಗದ ಲೋಹವಿಲ್ಲ ಎಂಬುದು ಆ ಮನೆಯಲ್ಲಿ ಯಾರೂ ಪ್ರಶ್ನಿಸದ ಸಂಗತಿ. ಅಂದು ಕರಡಿಗೆ ಫಳಫಳ ಎಂದ ಮೇಲೆ ಅವನ ಕಣ್ಣು ಜಗಲಿಯ ಮೇಲಿನ ಪಟ್ಟಿಗಳ ಕಡೆ ಹೋಯಿತು. ಪಾಪ, ತಮ್ಮ ಮನೆಯದು ಮಂಕಾಗಿ ಮಲಗಿತ್ತು. ಅವನು ಅದನ್ನು ಎತ್ತಿಕೊಂಡು, ಬೆರಳ ತುದಿಗೆ ಒಂದಿಷ್ಟು ವಿಭೂತಿ ತೆಗೆದುಕೊಂಡು, ಹಲ್ಲುಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ತಿಕ್ಕಿದ. ಹೊಳಪು ಬಂತು. ಗೋಕಾಕದಿಂದ ಬಂದದ್ದಕ್ಕೆ ಬೇಸರವಾಗಬಾರದು ಎಂದು ಅದಕ್ಕೂ ಎರಡು ಕೈ ಹಚ್ಚಿದ. ಧೋತರದ ಅಂಚಿನಿಂದ ಒರೆಸಿ, ಹೂವು ಮೊದಲಿದ್ದ ಹಾಗೇ ಇಟ್ಟ. ಎರಡೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಅವನಿಗೆ ಹಿತವೆನಿಸಿತು. ಇದನ್ನು ಯಾರಿಗೂ ಹೇಳಲಿಲ್ಲ. ಮುಚ್ಚಿಡುವುದಕ್ಕಲ್ಲ, ಕರಡಿಗೆ ತಿಕ್ಕಿದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ದಾಕ್ಷಾಯಿಣಿ ಸ್ನಾನ ಮುಗಿಸಿ, ಪಟ್ಟಿಗಳನ್ನು ಕಣ್ಣಿಗೊತ್ತಿಕೊಂಡು ಸ್ಟುಡಿಯೊಕ್ಕೆ ಒಯ್ದಳು. ಎರಡನ್ನೂ ಸ್ಲಾಟಿಗಿಳಿಸಿ ಒತ್ತಿದಳು. ಕೊಂಡಿಗಳು ಟಕ್ ಎಂದವು. ಬಟನ್ ಒತ್ತಿದರೆ ಪರದೆಯ ಬದಲು ಕೂಗು ಬಂತು: ಬೀಂ, ಬೀಂ, ಬೀಂ.

ಗೋಕಾಕದಿಂದ ಬಂದದ್ದನ್ನು ತೆಗೆದು ಹಳೆಯದೊಂದನ್ನೇ ಇಟ್ಟಳು. ಬೀಂ. ಹಳೆಯದನ್ನು ತೆಗೆದು ಬಂದದ್ದನ್ನು ಇಟ್ಟಳು. ಬೀಂ. ಸ್ಲಾಟು ಬದಲಿಸಿದಳು. ಮಧ್ಯಾಹ್ನದವರೆಗೂ ಆ ಅರ್ಧ ಶೆಟರಿನ ಕೆಳಗಿಂದ ಓಣಿಗೆ ಅದೊಂದೇ ಕೂಗು ಕೇಳುತ್ತಿತ್ತು. ನಿಧಾನವಾಗಿಯಾದರೂ ಓಡುತ್ತಿದ್ದ ಕಂಪ್ಯೂಟರ್ ಈಗ ಪೂರ್ತಿ ಕಣ್ಣು ಮುಚ್ಚಿತ್ತು.

"ಅಲ್ಲಿ ನಡೀತಲ್ಲ ಯವ್ವಾ, ಇಲ್ಲಿ ಯಾಕ ಮುನಿಸ್ಕೊಂಡಾವು?" ಎಂದ ದುಂಡಪ್ಪ.

"ನಾನ ತಪ್ಪ ಆರಿಸೇನ್ರಿ ಮಾವಾರ. ನಮ್ಮ ಬೋರ್ಡಿಗಿ ತಡಕೋಳಾಕ ಆಗಿಲ್ಲ ಕಾಣಸ್ತೈತಿ. ಬೋರ್ಡ ಸುಟ್ಟ ಹೋಗೈತಿ." ದುಂಡಪ್ಪನಿಗೆ ಆ ದನಿ ಕೇಳಲಾಗಲಿಲ್ಲ. ಚಾ ತರುತ್ತೇನೆಂದು ಹೊರಗೆ ಹೋದವನು ಚಾ ಮರೆತು ಬರಿಗೈಯಲ್ಲಿ ಬಂದ.

ಸಂಜೆ ಡ್ಯೂಟಿ ಮುಗಿಸಿ ಬಂದ ಶಿವಕುಮಾರ ಜೋರು ಮಾಡಲಿಲ್ಲ. ಮಾಡಿದ್ದರೆ ಅವಳೂ ತಿರುಗಿ ಏನಾದರೂ ಅನ್ನುತ್ತಿದ್ದಳು. "ಅದಕ್ಕೂ ವಯಸ್ಸಾತು ಬಿಡ," ಎಂದ ಮೆತ್ತಗೆ. "ಫೋಟೋ ಎಲ್ಲಾ ಕ್ಯಾಮೆರಾದ ಕಾರ್ಡಿನ್ಯಾಗ ಅದಾವಲ್ಲ, ಪುಟಾ ಗೋಕಾಕದಾಗ ಮಾಡಸೂಣು. ನೀ ಮನಸ್ಸಿಗಿ ಹಚ್ಕೋಬ್ಯಾಡ. ಯಲ್ಲಾರಿ ನಾಳಿ ಅಳತಿ ತಗೊಳಾಕ ಬರ್ತಾನು."

ದಾಕ್ಷಾಯಿಣಿ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಬಡಿಯುವ ಸಪ್ಪಳದಲ್ಲಿ ತಾನು ಅತ್ತದ್ದು ಯಾರಿಗೂ ಕೇಳಲಿಲ್ಲ ಎಂದುಕೊಂಡಳು. ಗೌರವ್ವನಿಗೆ ಕೇಳಿತು. ಅವಳು ಬಂದು ಸೊಸೆಯ ಕೈಯೊಳಗಿನ ಹಿಟ್ಟಿನ ಮುದ್ದೆ ತೆಗೆದುಕೊಂಡಳು.

"ನಾಳಿ ಮುಂಜಾನಿ ಇನ್ನೊಮ್ಮಿ ನೋಡು. ಯಲ್ಲಾರಿ ಏನ ಹೊತ್ತ ಹುಟ್ಟೂಮುಂದ ಬರೂದಿಲ್ಲ."

ಮರುದಿನ ದಾಕ್ಷಾಯಿಣಿ ಪಟ್ಟಿಗಳನ್ನು ಹಿಡಿದು ಶೆಟರಿನ ಬಳಿ ನೆಲದ ಮೇಲೆ ಕೂತಳು. ಸ್ಟುಡಿಯೊದಲ್ಲಿ ಬಿಸಿಲು ಬರುವುದು ಅಷ್ಟು ಜಾಗದಲ್ಲಿ ಮಾತ್ರ. ಎಳೆಬಿಸಿಲಿಗೆ ಹಿಡಿದಾಗ ಹಲ್ಲು ಹಲ್ಲಿನ ಸಂದಿನಲ್ಲಿ ಬಿಳಿಬೂದು ಬಣ್ಣದ ಏನೋ ಮೆತ್ತಿಕೊಂಡದ್ದು ಕಂಡಿತು. ಧೂಳು ಇಷ್ಟು ಬೆಳ್ಳಗಿರುವುದಿಲ್ಲ. ಬೆರಳಿನಿಂದ ಒರೆಸಿದಳು. ನುಣುಪು. ಮೂಗಿನ ಹತ್ತಿರ ಹಿಡಿದಳು. ದಿನಾ ಮುಂಜಾನೆ ಜಗಲಿಯ ಮುಂದೆ ಬರುವ ವಾಸನೆ.

ಅವಳು ತಲೆಯೆತ್ತಿದಳು. ಎದುರಿಗೆ ದುಂಡಪ್ಪ ನಿಂತಿದ್ದ, ಹಣೆಯ ಮೇಲೆ ಅಂದಿನ ಮೂರು ಬೆರಳಿನ ವಿಭೂತಿಯೊಂದಿಗೆ. ಅವಳು ಅವನ ಹಣೆ ನೋಡಿದಳು. ಅವನು ಅವಳ ಬೆರಳ ತುದಿ ನೋಡಿದ. ಜೀವಮಾನವೆಲ್ಲ ಜನರ ಮುಖ ನೋಡಿ ಬದುಕಿದವನು, ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವನ ಮುಖ ಕಪ್ಪಿಟ್ಟಿತು.

ಅಷ್ಟರಲ್ಲಿ ಶಿವಕುಮಾರ ಡ್ಯೂಟಿಯ ಅಂಗಿ ತೊಟ್ಟು ಮನೆಯ ಒಳಬಾಗಿಲಿನಿಂದ ಬಂದ. "ಏನ ಸಿಕ್ತೇನು?"

ದುಂಡಪ್ಪ ಸೊಸೆಯ ಬಾಯಿಯನ್ನೇ ನೋಡಿದ.

"ಧೂಳ್ರಿ," ಎಂದಳು ದಾಕ್ಷಾಯಿಣಿ. "ಹಳೇ ಧೂಳ ಸಂದ್ಯಾಗ ಕುಂತೈತಿ."

ದುಂಡಪ್ಪ ತಟ್ಟನೆ ತಿರುಗಿ ಫೋಟೋದ ಹಿನ್ನೆಲೆಗೆ ಕಟ್ಟಿದ ಪರದೆಯ ಹಿಂದಿನ ಕಪಾಟಿಗೆ ಹೋದ. ಬರುವಾಗ ಅವನ ಕೈಯಲ್ಲಿ ಲೆನ್ಸಿನ ಧೂಳು ಹಾರಿಸುವ ರಬ್ಬರಿನ ಬುರುಡೆ, ಒಂಟೆಕೂದಲಿನ ಸಣ್ಣ ಬ್ರಶ್ಶು ಮತ್ತು ಪೆನ್ಸಿಲ್ ಅಳಿಸುವ ರಬ್ಬರು ಇದ್ದವು. ಮಂಡಿನೋವನ್ನೂ ಲೆಕ್ಕಿಸದೆ ಕಂಪ್ಯೂಟರಿನ ಡಬ್ಬಿಯ ಮುಂದೆ ಕೂತು, ಬ್ರಶ್ಶು ಆಡಿಸಿ, ಸ್ಲಾಟಿನ ಮೇಲೆ ಬುರುಡೆ ಒತ್ತಿದ. ಫುಸ್ಸ್. ಬಿಳಿಯ ಪುಡಿ ಹೊಗೆಯಂತೆ ಎದ್ದು ಬಿಸಿಲಿನಲ್ಲಿ ಕರಗಿತು.

"ಅಪ್ಪಾ, ನಿನಗ್ಯಾಕ ಅದು? ಅಕಿ ಮಾಡ್ತಾಳ ಬಿಡು," ಎಂದ ಶಿವಕುಮಾರ.

"ಸುಮ್ನಿರೋ. ಲೆನ್ಸ್ ಸ್ವಚ್ಛ ಮಾಡಿದ ಕೈ ಐತಿ ಇದು," ಎಂದು ದುಂಡಪ್ಪ ತಲೆ ಎತ್ತದೆ ಹೇಳಿದ.

ಅವನು ಒಂದೊಂದು ಸಂದಿಗೂ ಗಾಳಿ ಹಾಕಿದ. ಅವಳು ಪಟ್ಟಿಗಳ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಒಂದಾದ ಮೇಲೊಂದು ಸ್ಲಾಟಿಗಿಳಿಸಿದಳು. ಟಕ್, ಟಕ್. ಬಟನ್ ಒತ್ತುವ ಮೊದಲು ಅವಳ ಕೈ ತಡೆಯಿತು.

"ಒತ್ತು ಯವ್ವಾ," ಎಂದ ದುಂಡಪ್ಪ.

ಬೀಂ. ಒಂದೇ ಒಂದು, ಚಿಕ್ಕದು. ಮುಂದಿನದಕ್ಕಾಗಿ ಮೂವರೂ ಕಿವಿಗೊಟ್ಟು ನಿಂತರು. ಬರಲಿಲ್ಲ. ಪರದೆ ಮೊದಲು ಕಪ್ಪಾಗಿ, ಆಮೇಲೆ ನೀಲಿಯಾಗಿ ತೆರೆಯಿತು. ದಾಕ್ಷಾಯಿಣಿ ಫೋಟೋದ ಮೇಲೆ ಒತ್ತಿದಳು. ಉಂಗುರ ಒಂದೇ ಸುತ್ತು ಸುತ್ತಿತೋ ಇಲ್ಲವೋ, ಬಾಸಿಂಗ, ಕಣ್ಣು, ಮೂಗು, ತುಟಿ, ಗಲ್ಲ ಎಲ್ಲವೂ ಕೂಡಿ ಸುವರ್ಣಾ ಇಡಿಯಾಗಿ ಎದುರು ಬಂದಳು.

"ನಕ್ಕಾಳ!" ಎಂದು ಕೂಗಿದ ದುಂಡಪ್ಪ. ಆ ಫೋಟೋ ತೆಗೆದವನು ತಾನೇ ಎಂಬುದು ಅವನಿಗೆ ಆ ಹೊತ್ತಿಗೆ ನೆನಪಿರಲಿಲ್ಲ.

ದಾಕ್ಷಾಯಿಣಿ ಇನ್ನೊಂದು ತೆರೆದಳು, ಮತ್ತೊಂದು ತೆರೆದಳು. ಅಕ್ಕಿಕಾಳು ಗಾಳಿಯಲ್ಲಿದ್ದವು, ಕರೆಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ. ಅವಳ ಬೆರಳು ಎಷ್ಟು ಚುರುಕಾಗಿ ಓಡಾಡುತ್ತವೆ ಎಂಬುದನ್ನು ಶಿವಕುಮಾರ ಅಂದೇ ಮೊದಲ ಸಲ ನೋಡಿದ್ದು. ಪುಟದ ಮೇಲೆ ಮದುಮಗಳು ಬಂದಳು, ಪಕ್ಕದಲ್ಲಿ ತಂದೆ ಬಂದ, ಹಿಂದೆ ಹಂದರದ ಮಾವಿನೆಲೆ ಮಸುಕಾಗಿ ಹರಡಿತು.

ಹೊರಗೆ ಶೆಟರಿನ ಕೆಳಗೆ ಎರಡು ಕಾಲುಗಳು ಕಂಡವು. ಯಲ್ಲಾರಿ ಬಗ್ಗಿ, ಅಳತೆಯ ಟೇಪು ಹಿಡಿದ ಕೈಯನ್ನು ಮೊದಲು ಒಳಗೆ ತೂರಿಸಿದ. "ಬರ್ಲ್ಯಾ ಶಿವಣ್ಣಾ?"

ಶಿವಕುಮಾರ ಹೆಂಡತಿಯನ್ನು ನೋಡಿದ. ಅವಳು ತಿರುಗಲಿಲ್ಲ, ತಿರುಗಲು ಧೈರ್ಯವಾಗಲಿಲ್ಲ. ಅಪ್ಪನನ್ನು ನೋಡಿದ. ದುಂಡಪ್ಪ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಒಳಗ ಕೆಲಸ ನಡದೈತಿ ಯಲ್ಲಾರಿ," ಎಂದ ಶಿವಕುಮಾರ. "ನಡಿ, ಚಾ ಕುಡಿಯೂಣು. ಅಳತಿ ಬ್ಯಾಡ ಈಗ. ಬಜಾರದಾಗ ಇನ್ನೊಂದ ಜಾಗಾ ಐತಿ, ನಾನ ತೋರಸ್ತೇನಿ." ಶೆಟರಿನ ಕೆಳಗೆ ಬಗ್ಗಿ ಹೊರಗೆ ಹೋದ.

ಮಾವ ಸೊಸೆ ಇಬ್ಬರೇ ಉಳಿದರು. ದಾಕ್ಷಾಯಿಣಿಯ ಕೈಯಲ್ಲಿ ಮೌಸು ಟಿಕ್ ಟಿಕ್ ಎನ್ನುತ್ತಿತ್ತು. ದುಂಡಪ್ಪ ಎರಡು ಸಲ ಕೆಮ್ಮಿದ.

"ಮಾವಾರ, ಬಸವಣ್ಣನ ಪಟದ ಬುಡಕ ವಿಭೂತಿ ಐತೇನ್ರಿ?"

ಅವನು ಬೆಚ್ಚಿದ. ಮೆಲ್ಲಗೆ ಗೋಡೆಯ ಕಡೆ ಹೋಗಿ, ಪಟದ ಕೆಳಗಿನ ವಿಭೂತಿ ಗಟ್ಟಿಯನ್ನು ತಂದು ಕೊಟ್ಟ. ದಾಕ್ಷಾಯಿಣಿ ಎದ್ದು ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಹಾಕಿದಳು. ಮೂರು ಬೆರಳು ನೀರಿಗದ್ದಿ, ಗಟ್ಟಿಯ ಮೇಲೆ ಎಳೆದು, ಡಬ್ಬಿಯ ಹಣೆಗೆ ನೀಟಾಗಿ ಮೂರು ಗೆರೆ ಹಚ್ಚಿದಳು.

"ಇದಕ್ಕ ಹೊರಗ ಹಚ್ಚಬೇಕ್ರಿ," ಎಂದಳು.

ದುಂಡಪ್ಪ ಆ ಮೂರು ಗೆರೆ ನೋಡಿದ. ಆಮೇಲೆ ನಗು ಬಂತು. ಮೀಸೆ ದಾಟಿ, ಹೊಟ್ಟೆಗಿಳಿದು, ಕಣ್ಣಲ್ಲಿ ನೀರು ತರಿಸಿತು. ಅವಳೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಒಳಗಿನಿಂದ ಗೌರವ್ವ, "ಏನ ಆತ್ರಿ ನಿಮಗ?" ಎಂದು ಕೂಗಿದಳು. ಇಬ್ಬರೂ ಹೇಳಲಿಲ್ಲ.

ಕಣ್ಣೊರೆಸಿಕೊಂಡು ದುಂಡಪ್ಪ ಶೆಟರಿನ ಹತ್ತಿರ ಹೋದ. ಕೆಳಗೆ ಕೈ ಹಾಕಿ ಎತ್ತಿದ. ಸೊಂಟದ ಮಟ್ಟ ದಾಟಿದ ಮೇಲೆ ಅದು ತುಕ್ಕಿನ ದನಿಯಲ್ಲಿ ಕಿರುಗುಟ್ಟಿ ಜಗಳ ತೆಗೆಯಿತು. ಅವನು ಬಿಡಲಿಲ್ಲ, ತಲೆಯ ಮೇಲೆ, ಅದಕ್ಕೂ ಮೇಲೆ, ಕೊನೆಯವರೆಗೂ ನೂಕಿದ. ಓಣಿಯ ಬಿಸಿಲು ದಬದಬ ಒಳನುಗ್ಗಿ ಹಳೆಯ ಫೋಟೋಗಳ ಗಾಜಿನ ಮೇಲೆಲ್ಲ ಬಿತ್ತು.

"ಮಾವಾರ, ಬೆಳಕ ಪರದೆ ಮ್ಯಾಲ ಬೀಳಾಕತ್ತೈತ್ರಿ. ಸುವರ್ಣಾನ ಸೀರಿ ಬಣ್ಣಾನ ಕಾಣವಲ್ದು."

ದುಂಡಪ್ಪ ತಿರುಗಿ ನೋಡಿದ. ಬಿಸಿಲು ಎಲ್ಲಿಂದ ಬರುತ್ತಿದೆ, ಎಲ್ಲಿ ಬೀಳುತ್ತಿದೆ ಎಂದು ಒಂದು ಕಣ್ಣು ಕಿರಿದು ಮಾಡಿ ಅಂದಾಜು ಹಾಕಿದ. ಶೆಟರನ್ನು ಇಳಿಸಲಿಲ್ಲ. ಬಾಗಿಲ ನಡುವೆ ಬಂದು ನಿಂತು, ಅರ್ಧ ಹೆಜ್ಜೆ ಎಡಕ್ಕೆ ಸರಿದ.

"ಈಗ?"

"ಹಾಂ, ಈಗ ಕಾಣತೈತ್ರಿ."

ತನ್ನ ನೆರಳು ಪರದೆಯ ಮೇಲಿಂದ ಜರುಗದಂತೆ, ಓಣಿಯ ಕಡೆ ಮುಖ ಮಾಡಿ, ಅವನು ಅಲ್ಲೇ ನಿಂತ.